ನಾಯಿ ಅಟ್ಟಿಸಿಕೊಂಡು ಬಂದಾಗ ನಿಂತುಬಿಡಿ

ಕೆರೆ ಏರಿಯ ಮೇಲೆ ಓಡಿದವರಿಗೆ ಗೊತ್ತು, ಅಲ್ಲಿ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಕುಣಿಗಲ್‌ನ ನೆಂಟರ ಮನೆಯಲ್ಲಿ ಉಳಿದಿದ್ದೆ. ಬೆಳಗಿನ ಐದೂವರೆಗೆ ಎದ್ದು ದೊಡ್ಡಕೆರೆಯ ಕಡೆ ಓಡಲು ಹೊರಟೆ. ಮಂಜು ಕವಿದಿತ್ತು, ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಪೊದೆಯ ಬದಿಯಿಂದ ಕಂದು ಬಣ್ಣದ ಒಂದು ಹೆಣ್ಣು ನಾಯಿ ಎದ್ದು ಬಂತು. ಬೊಗಳಲಿಲ್ಲ, ಗುರುಗುಟ್ಟಲೂ ಇಲ್ಲ. ತಲೆ ತಗ್ಗಿಸಿಕೊಂಡು ನೇರ ನನ್ನ ಹಿಂದೆ ಬಂತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಓಟದ ವೇಗ ಹೆಚ್ಚಿಸಿದೆ. ಇಪ್ಪತ್ತು ಹೆಜ್ಜೆ ಹೋಗಿರಲಿಕ್ಕಿಲ್ಲ, ಪ್ಯಾಂಟಿನ ಅಂಚು ಅದರ ಬಾಯಲ್ಲಿತ್ತು. ತಿರುಗಿ ನೋಡುತ್ತಾ ಓಡುತ್ತಿದ್ದವನು ಕಲ್ಲಿಗೆ ಎಡವಿ ಮುಗ್ಗರಿಸಿದೆ. ಮಂಡಿ, ಅಂಗೈ ಎರಡೂ ತರಚಿಹೋದವು. ನಾನು ಬಿದ್ದಿದ್ದೇ ತಡ, ನಾಯಿ ನಾಲ್ಕು ಅಡಿ ದೂರದಲ್ಲಿ ನಿಂತು ನನ್ನನ್ನೇ ನೋಡತೊಡಗಿತು.

ಅಷ್ಟರಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬಂದವರೊಬ್ಬರು ಗಾಡಿ ನಿಲ್ಲಿಸಿ 'ಹಚಾ!' ಎಂದು ಗದರಿದರು. ನಾಯಿ ಮೆಲ್ಲಗೆ ಮೋರಿಯ ಕಡೆ ಹೋಯಿತು. ನನ್ನನ್ನು ಎತ್ತಿ ಕೂರಿಸಿ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. 'ಮೋರಿ ಒಳಗೆ ಮರಿ ಹಾಕೈತೆ ಸಾರ್. ಓಡಿದ್ರೆ ಬಿಡಲ್ಲ. ನಾವು ದಿನಾ ನಡ್ಕೊಂಡು ಹೋಗ್ತೀವಿ, ಏನೂ ಮಾಡಲ್ಲ.'

ಓಡುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಆ ಹಾಲಿನ ಅಣ್ಣ ಹೇಳಿದ ಮಾತೇ. ನಾಯಿ ತೋಳದ ವಂಶದ ಪ್ರಾಣಿ. ತನ್ನಿಂದ ದೂರ ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ. ಬೈಕಿನ ಚಕ್ರ, ಸೈಕಲ್ಲಿನ ಪೆಡಲು, ಓಡುವ ಮನುಷ್ಯನ ಕಾಲು, ಮೂರೂ ಅದರ ಕಣ್ಣಿಗೆ ಒಂದೇ. ನಡೆದು ಹೋಗುವವರನ್ನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮುದುಡಿಕೊಳ್ಳುವ ನಾಯಿಯೇ ಓಡುವವರನ್ನು ಕಂಡರೆ ಧಡಕ್ಕನೆ ಏಳುತ್ತದೆ. ಇನ್ನು ವೇಗದ ಮಾತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವರ ಗರಿಷ್ಠ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್ ಮುಟ್ಟಿತ್ತು. ನಾವು ಬೆಳಗಿನ ಹೊತ್ತು ಓಡುವುದು ಗಂಟೆಗೆ ಒಂಬತ್ತೋ ಹತ್ತೋ ಕಿಲೋಮೀಟರ್. ಗಟ್ಟಿಮುಟ್ಟಾದ ಒಂದು ಬೀದಿ ನಾಯಿ ಅದರ ಮೂರು ಪಟ್ಟು ವೇಗದಲ್ಲಿ ಸಲೀಸಾಗಿ ಬರುತ್ತದೆ. ಓಡಿ ತಪ್ಪಿಸಿಕೊಳ್ಳುವ ದಾರಿ ನಮಗಿಲ್ಲ.

ಜೊತೆಗೆ ನಾಯಿಗೆ ತನ್ನದೇ ಗಡಿ ಇರುತ್ತದೆ. ಈ ಟೀ ಅಂಗಡಿಯಿಂದ ಆ ಟ್ರಾನ್ಸ್‌ಫಾರ್ಮರ್‌ವರೆಗೆ ಒಂದು ಗುಂಪು, ಅಲ್ಲಿಂದ ಮುಂದೆ ಇನ್ನೊಂದು. ಹಗಲಿನಲ್ಲಿ ಜನ, ವಾಹನ ತುಂಬಿರುವಾಗ ಆ ಗಡಿ ನಮ್ಮ ಗಮನಕ್ಕೆ ಬರುವುದಿಲ್ಲ. ಬೆಳಗಿನ ಐದು ಗಂಟೆಗೆ ಬೀದಿ ಪೂರ್ತಿ ಅವುಗಳದ್ದೇ. ನಮ್ಮ ಕಡೆ ಕಾರ್ತಿಕದಲ್ಲಿ ನಾಯಿಗಳು ಬೆದೆಗೆ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿದರೆ ಸಂಕ್ರಾಂತಿಯ ಆಸುಪಾಸಿಗೆ ಮೋರಿ, ಚರಂಡಿ ಪೈಪು, ಕಟ್ಟುತ್ತಿರುವ ಮನೆಯ ಮರಳು ಗುಡ್ಡೆ ಎಲ್ಲೆಂದರಲ್ಲಿ ಮರಿಗಳು. ತಾಯಿ ನಾಯಿ ಆಗ ಬೊಗಳಿ ಎಚ್ಚರಿಕೆ ಕೊಡುತ್ತದೆ ಎಂದು ನಂಬಿಕೊಳ್ಳುವ ಹಾಗಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಓಡುವವರ ಉಪಯೋಗಕ್ಕೆ ಬರುವುದಿಲ್ಲ. ಬೊಗಳುವುದೂ ಕಚ್ಚಬಹುದು, ಬೊಗಳದೆ ಬರುವುದಂತೂ ಹೆಚ್ಚು ಅಪಾಯದ್ದು.

ತುಮಕೂರಿನಲ್ಲಿ ಅಮಾನಿಕೆರೆ ಸುತ್ತ, ವಿಶ್ವವಿದ್ಯಾಲಯದ ಬದಿಯಲ್ಲಿ, ರಿಂಗ್ ರಸ್ತೆಯಲ್ಲಿ ಬೆಳಿಗ್ಗೆ ನಡೆಯುವವರು, ಓಡುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಎಂದು ಡಾಕ್ಟರ ಮಾತಿಗೆ ಹೊರಬಿದ್ದವರು ಅವರಲ್ಲಿ ಬಹಳ. ಆದರೆ ನನಗೆ ಹೆಚ್ಚು ಚಿಂತೆ ಇನ್ನೊಂದು ಗುಂಪಿನದು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಪೊಲೀಸ್ ಕೆಲಸಕ್ಕೆ, ಸೈನ್ಯಕ್ಕೆ ಸೇರುವ ಆಸೆಯಿಂದ ಕತ್ತಲಲ್ಲೇ ಎದ್ದು ಓಡುವ ಹುಡುಗರು, ಹುಡುಗಿಯರು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ ಓಡಿ ಮುಗಿಸಬೇಕು. ಹತ್ತಿರದಲ್ಲಿ ಕ್ರೀಡಾಂಗಣವಿಲ್ಲ, ಹಗಲು ತೋಟದ ಕೆಲಸವೋ ಕಾಲೇಜೋ ಇರುತ್ತದೆ. ಹಾಗಾಗಿ ಹೇಮಾವತಿ ನಾಲೆಯ ಏರಿ, ಹೆದ್ದಾರಿಯ ಅಂಚು, ಊರ ಹೊರಗಿನ ಮಣ್ಣು ರಸ್ತೆಯೇ ಅವರ ಮೈದಾನ. ಅವರಿಗೆ ಓಟ ನಿಲ್ಲಿಸುವುದೆಂದರೆ ಜೀವಕ್ಕೆ ಸಂಕಟ, ಮೊಬೈಲಿನ ಗಡಿಯಾರ ಓಡುತ್ತಲೇ ಇರುತ್ತದೆ. ಅವರಿಗೇ ನಾನು ಮೊದಲು ಹೇಳುವುದು, ನಾಯಿ ಕಂಡರೆ ಆ ಗಡಿಯಾರ ಮರೆತುಬಿಡಿ.

ಅಪಾಯ ಸಣ್ಣದಲ್ಲ. 2024ರ ಆಗಸ್ಟ್ 28ರ ಬೆಳಿಗ್ಗೆ ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ವಸತಿ ಪ್ರದೇಶದಲ್ಲಿ ವಾಯುವಿಹಾರಕ್ಕೆ ಹೋಗಿದ್ದ 76 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರು ನಾಯಿಗಳ ಹಿಂಡಿನ ದಾಳಿಗೆ ಸಿಕ್ಕಿ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷ, 2023ರ ಅಕ್ಟೋಬರ್‌ನಲ್ಲಿ, ವಾಘ್ ಬಕ್ರಿ ಚಹಾ ಕಂಪನಿಯ ಪರಾಗ್ ದೇಸಾಯಿ ಅಹಮದಾಬಾದಿನ ತಮ್ಮ ಮನೆಯ ಹತ್ತಿರ ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದಾಗ ಬಿದ್ದು, ತಲೆಗೆ ಪೆಟ್ಟಾಗಿ ಸತ್ತರು. ವಯಸ್ಸು 49. ಬಿದ್ದ ಪೆಟ್ಟೇ ಜೀವ ತೆಗೆಯಿತು. 2025ರ ಅಕ್ಟೋಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಕೂಟ ನಡೆಯುತ್ತಿದ್ದಾಗ ಕೆನ್ಯಾ ಮತ್ತು ಜಪಾನಿನ ಇಬ್ಬರು ತರಬೇತುದಾರರಿಗೆ ಕ್ರೀಡಾಂಗಣದ ಆವರಣದಲ್ಲೇ ನಾಯಿ ಕಚ್ಚಿತು. ನಮ್ಮ ರಾಜ್ಯದಲ್ಲಿ 2024ರಲ್ಲಿ ವರದಿಯಾದ ನಾಯಿ ಕಡಿತ 3.6 ಲಕ್ಷ ದಾಟಿತ್ತು, ರೇಬಿಸ್‌ನಿಂದ 42 ಜನ ಸತ್ತರು.

ಹಾಗಾದರೆ ಏನು ಮಾಡಬೇಕು? ನಾಯಿ ಇನ್ನೂ ಮೂವತ್ತು ನಲವತ್ತು ಅಡಿ ದೂರವಿರುವಾಗಲೇ ಓಟದಿಂದ ನಡಿಗೆಗೆ ಇಳಿಯಿರಿ. ಹೆಚ್ಚಿನ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೂ ಅದು ಬಂದರೆ ನಿಂತುಬಿಡಿ. ಬೆನ್ನು ಕೊಡಬೇಡಿ, ಎದೆ ಸೆಟೆಸಿ ಎದುರಾಗಲೂ ಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿದರೆ ನಾಯಿ ಅದನ್ನು ಜಗಳಕ್ಕೆ ಕರೆದ ಹಾಗೆ ತಿಳಿಯುತ್ತದೆ. ಅದರ ಕಾಲು, ಬಾಲದ ಕಡೆ ನೋಟವಿರಲಿ. ಬೆನ್ನ ಮೇಲಿನ ಕೂದಲು ನಿಮಿರಿ, ಬಾಲ ಕೋಲಿನ ಹಾಗೆ ಬಿಗಿದು, ತುಟಿ ಮೇಲೆ ಹೋಗಿ ಹಲ್ಲು ಕಂಡರೆ ಅದು ಬರೀ ಹೆದರಿಸುತ್ತಿಲ್ಲ, ಮೇಲೆ ಬೀಳಲೂಬಹುದು ಎಂದರ್ಥ. ಕೈ ಬೀಸಬೇಡಿ, ಎದೆಗೆ ಒತ್ತಿಕೊಳ್ಳಿ. ಕಿರುಚಿದರೆ ಅದರ ಉದ್ರೇಕ ಹೆಚ್ಚುತ್ತದೆ. ದಪ್ಪ ದನಿಯಲ್ಲಿ, ನಿಧಾನಕ್ಕೆ, 'ಹಚಾ, ಹೋಗು' ಎನ್ನಿ. ನಮ್ಮ ನಾಯಿಗಳಿಗೆ ಅರ್ಥವಾಗುವ ಭಾಷೆ ಅದು, ಮರಿಯಾಗಿದ್ದಾಗಿನಿಂದ ಕೇಳಿಕೊಂಡೇ ಬೆಳೆದಿರುತ್ತವೆ. ಆಮೇಲೆ ಒಂದೊಂದೇ ಹೆಜ್ಜೆ ಪಕ್ಕಕ್ಕೆ, ಹಿಂದಕ್ಕೆ. ತನ್ನ ಗಡಿಯವರೆಗೆ ಅದು ಜೊತೆಗೇ ಬಂದು, ಬೊಗಳಿ, ವಾಪಸ್ಸು ಹೋಗುತ್ತದೆ. ಕನಿಷ್ಠ ಐವತ್ತು ಅರವತ್ತು ಹೆಜ್ಜೆ ನಡೆದ ಮೇಲೆ ಮತ್ತೆ ಓಟ ಶುರು ಮಾಡಿ.

ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಹೆಚ್ಚಿನ ಬೀದಿ ನಾಯಿಗಳು ಅಷ್ಟಕ್ಕೇ ಹಿಂದೆ ಸರಿಯುತ್ತವೆ, ಏಕೆಂದರೆ ಒಂದಲ್ಲ ಒಂದು ಸಲ ಕಲ್ಲೇಟು ತಿಂದೇ ಇರುತ್ತವೆ. ಬಗ್ಗುವುದು ಸರಿ, ಎಸೆಯುವುದು ಬೇಡ ಎಂಬುದು ನನ್ನ ಅನುಭವ. ಗುರಿ ತಪ್ಪಿದರೆ ನಿಮ್ಮ ಕೈ ಖಾಲಿ, ತಗುಲಿದರೆ ಗುಂಪಿನ ಉಳಿದ ನಾಯಿಗಳು ಕೆರಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಸುಮ್ಮನೆ ಬೊಗಳುತ್ತಿದ್ದ ನಾಯಿಗೆ ಇವತ್ತು ಕಲ್ಲು ಬೀಸಿದರೆ ಅದು ನಾಳೆಯಿಂದ ಓಡಿ ಬರುವ ಪ್ರತಿಯೊಬ್ಬರನ್ನೂ ಶತ್ರು ಎಂದೇ ನೋಡುತ್ತದೆ. ನಿಮ್ಮ ಹಿಂದೆ ಬರುವವಳು ಪರೀಕ್ಷೆಗೆ ಓಡುತ್ತಿರುವ ಒಬ್ಬ ಹುಡುಗಿಯಾಗಿರಬಹುದು. ಮರಿಯಿರುವ ತಾಯಿಯ ಮುಂದೆ ಬಗ್ಗಲೂಬೇಡಿ.

ಗುಂಪು ಸುತ್ತುವರಿದರೆ ಲೆಕ್ಕ ಬೇರೆ. ಒಂದು ನಾಯಿ ಮುಂದೆ ನಿಂತು ಬೊಗಳುವಾಗ ಉಳಿದವು ಹಿಂದಿನಿಂದ ಬರುತ್ತವೆ. ಗೋಡೆ, ಮರ, ನಿಂತಿರುವ ಆಟೊ, ಯಾವುದಾದರೂ ಸರಿ, ಬೆನ್ನಿಗೆ ಆಸರೆ ಮಾಡಿಕೊಳ್ಳಿ. ಜಗಲಿಯೋ ಕಟ್ಟೆಯೋ ಸಿಕ್ಕರೆ ಹತ್ತಿಬಿಡಿ. ಆಗ ಜನರನ್ನು ಜೋರಾಗಿ ಕೂಗಲೇಬೇಕು, ನಾಚಿಕೆ ಬೇಡ. ನಿಮಗೂ ನಾಯಿಗೂ ಮಧ್ಯೆ ಏನಾದರೂ ಇರಲಿ. ನೀರಿನ ಬಾಟಲಿ, ಟವೆಲ್, ಬಿಚ್ಚಿದ ಜಾಕೆಟ್ಟು ಯಾವುದಾದರೂ ಆದೀತು. ಅದು ಕಚ್ಚುವುದಿದ್ದರೆ ಅದನ್ನೇ ಕಚ್ಚಲಿ. ಅಮಾನಿಕೆರೆಗೆ ಬರುವ ಹಿರಿಯರಲ್ಲಿ ಕೆಲವರು ಒಂದು ಕೋಲು ಹಿಡಿದೇ ಬರುತ್ತಾರೆ. ಅವರು ಅದನ್ನು ಬೀಸುವುದಿಲ್ಲ, ನಾಯಿ ಬಂದರೆ ಸುಮ್ಮನೆ ಮುಂದಕ್ಕೆ ಅಡ್ಡ ಹಿಡಿದು ನಿಲ್ಲುತ್ತಾರೆ. ಕೋಲಿನ ಸರಿಯಾದ ಉಪಯೋಗ ಅದೇ. ಅಕಸ್ಮಾತ್ ಬಿದ್ದರೆ ಮಂಡಿ ಹೊಟ್ಟೆಗೆ ಮಡಚಿ ಮುದುರಿಕೊಂಡು, ಮುಷ್ಟಿ ಕಟ್ಟಿದ ಎರಡೂ ಕೈಯಿಂದ ಕತ್ತು, ಕಿವಿ, ಮುಖ ಮುಚ್ಚಿಕೊಳ್ಳಿ. ಕಚ್ಚಿ ಹಿಡಿದಾಗ ಕಾಲನ್ನು ಜಗ್ಗಬೇಡಿ, ಜಗ್ಗಿದಷ್ಟೂ ಮಾಂಸ ಹರಿಯುತ್ತದೆ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಓಡುವುದನ್ನು ದಯವಿಟ್ಟು ಬಿಡಿ. ಹಿಂದಿನಿಂದ ಬರುವ ಉಗುರಿನ ಸದ್ದು ಕೇಳುವುದು ಎಷ್ಟೋ ಸಲ ನಿಮ್ಮನ್ನು ಉಳಿಸುತ್ತದೆ. ದಾರಿಯನ್ನು ಹಗಲಿನಲ್ಲಿ ಒಮ್ಮೆ ನಡೆದು ನೋಡಿ. ಕೋಳಿ ಅಂಗಡಿಯ ಕಸ ಎಲ್ಲಿ ಬೀಳುತ್ತದೆ, ಕಲ್ಯಾಣ ಮಂಟಪದ ಎಂಜಲೆಲೆ ಎಲ್ಲಿ ಸುರಿಯುತ್ತಾರೆ, ಯಾವ ಕಟ್ಟಡದಲ್ಲಿ ವಾಚ್‌ಮನ್ ನಾಯಿ ಸಾಕಿದ್ದಾನೆ, ಇಷ್ಟು ಗೊತ್ತಿದ್ದರೆ ಅರ್ಧ ತೊಂದರೆ ತಪ್ಪಿತು. ಕುರಿ ಮಂದೆ ಬಿಟ್ಟಿರುವ ಹೊಲ ಕಂಡರೆ ದೊಡ್ಡ ಸುತ್ತು ಹಾಕಿಕೊಂಡು ಹೋಗಿ. ಮಂದೆಯ ನಾಯಿ ರಾತ್ರಿಯಿಡೀ ಕಾದಿರುತ್ತದೆ, ಅದಕ್ಕೆ ನಿಮ್ಮ ಪರಿಚಯ ಬೇಕಾಗಿಲ್ಲ.

ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಯ ನಾಯಿಗಳ ಬಗ್ಗೆ ಎರಡು ಮಾತು. ಬೀದಿ ನಾಯಿಗಿಂತ ನನಗೆ ಇವುಗಳ ಅಂಜಿಕೆ ಹೆಚ್ಚು. ತೆಂಗು, ಅಡಿಕೆ ತೋಟದ ಮಧ್ಯೆ ಒಂಟಿ ಮನೆ, ಕಾಯಿ ಕಳ್ಳರ ಕಾಟ, ಪಂಪ್‌ಸೆಟ್ಟಿನ ಕೇಬಲ್ಲಿನ ಕಳವು. ಅದಕ್ಕಿಂತ ದೊಡ್ಡದು ಚಿರತೆಯ ಭಯ. 2019ರ ಕೊನೆ ಮತ್ತು 2020ರ ಆರಂಭದ ಆ ತಿಂಗಳುಗಳನ್ನು ತುಮಕೂರಿನ ಹೆಬ್ಬೂರು, ಗುಬ್ಬಿಯ ಸಿ.ಎಸ್.ಪುರ, ಕುಣಿಗಲ್‌ನ ಹಳ್ಳಿಗಳು ಮರೆತಿಲ್ಲ. ಮಕ್ಕಳೂ ಸೇರಿ ಕೆಲವರನ್ನು ಚಿರತೆ ಕೊಂದಿತ್ತು. ಅಂಥ ಕಡೆ ನಾಯಿ ಸಾಕಬೇಡಿ ಎಂದು ಯಾರಿಗೆ ಹೇಳುವುದು? ಊರಂಚಿನ ಚಿರತೆಗೆ ನಾಯಿಯೇ ಮುಖ್ಯ ಆಹಾರ ಎಂದು ವನ್ಯಜೀವಿ ತಜ್ಞೆ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಕೋಲೆಯಲ್ಲಿ ನಡೆಸಿದ ಅಧ್ಯಯನ ತೋರಿಸಿದೆ. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ದೇವರಾಯನದುರ್ಗದ ಬದಿಯಲ್ಲಿ ಬೆಳಕು ಹರಿಯುವ ಮುಂಚೆ ಒಬ್ಬರೇ ಓಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ತೋಟದ ಮಾಲೀಕರಲ್ಲಿ ನನ್ನದೊಂದು ಬೇಡಿಕೆ. 'ನಮ್ ನಾಯಿ ಏನೂ ಮಾಡಲ್ಲ, ಬನ್ನಿ ಸಾರ್' ಎನ್ನುತ್ತೀರಿ. ನಿಮಗೆ ಅದು ಏನೂ ಮಾಡುವುದಿಲ್ಲ, ನಿಜ. ರಾತ್ರಿ ಬಿಟ್ಟಿದ್ದನ್ನು ಬೆಳಗಿನ ಐದರಿಂದ ಏಳರವರೆಗೆ, ಮಕ್ಕಳು ಓಡುವ ಹೊತ್ತಿಗೆ, ಕಟ್ಟಿಹಾಕಿ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಹಾಕಿಸಿ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಅಲ್ಲಿಯವರೆಗೆ ಹೋಗಬೇಕಾಗಿಲ್ಲ, ಅಕ್ಕಪಕ್ಕದವರ ಮಧ್ಯೆ ಮಾತಿನಲ್ಲೇ ಮುಗಿಯುವ ವಿಷಯ ಇದು. ಓಡುವವರೂ ತೋಟದ ಗೇಟಿಗೆ ಇನ್ನೂ ದೂರವಿರುವಾಗಲೇ 'ಅಣ್ಣಾ, ನಾಯಿ ಹಿಡ್ಕೊಳ್ಳಿ' ಎಂದು ಒಂದು ಕೂಗು ಹಾಕುವುದು ಒಳ್ಳೆಯದು.

ಇನ್ನು ಕಚ್ಚಿದರೆ ಏನು ಮಾಡಬೇಕು ಎಂಬುದು. ಈ ಅಂಕಣದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಆ ದಿನ ನೆಂಟರ ಮನೆಗೆ ಕುಂಟುತ್ತಾ ಬಂದು ಪ್ಯಾಂಟು ಮಡಚಿ ನೋಡಿದರೆ ಮೀನಖಂಡದ ಮೇಲೆ ಎರಡು ಗೀರು. ಒಂದು ಬರೀ ಕೆಂಪಗಿತ್ತು, ಇನ್ನೊಂದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಜಿನುಗಿತ್ತು. ಪ್ಯಾಂಟಿನ ಮೇಲಿಂದ ತಾಗಿದ್ದು, ಏನಾಗಲ್ಲ ಎಂದು ಮನಸ್ಸು ಹೇಳುತ್ತಿತ್ತು. ಅಜ್ಜಿ ಅರಿಸಿನ ತಂದರು, ಮಾವ ಸುಣ್ಣ ಹಚ್ಚು ಎಂದರು. ಮೆಡಿಕಲ್ ಓದುತ್ತಿದ್ದ ಅವರ ಮಗಳು ಇಬ್ಬರನ್ನೂ ತಡೆದು, ನನ್ನನ್ನು ಹಿತ್ತಲ ನಲ್ಲಿಯ ಕೆಳಗೆ ಕೂರಿಸಿ, ಬಟ್ಟೆ ಸೋಪು ಕೈಗೆ ಕೊಟ್ಟು ಮೊಬೈಲಿನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟಳು. ಹದಿನೈದು ನಿಮಿಷ ಎಷ್ಟು ದೀರ್ಘ ಎಂಬುದು ಅವತ್ತು ಗೊತ್ತಾಯಿತು. ಐದನೇ ನಿಮಿಷಕ್ಕೆ ಸಾಕು ಅನ್ನಿಸುತ್ತದೆ, ಎಂಟನೇ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಅವಳು ಬಿಡಲಿಲ್ಲ. ರೇಬಿಸ್ ವೈರಸ್ಸಿನ ಹೊರಕವಚ ಕೊಬ್ಬಿನದ್ದು, ಸೋಪು ಆ ಕವಚವನ್ನು ಕರಗಿಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತದೆ, ಹರಿಯುವ ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ಅರಿಸಿನ, ಸುಣ್ಣ, ಕಾಫಿಪುಡಿ, ಖಾರದಪುಡಿ, ಸೀಮೆಎಣ್ಣೆ ಇದ್ಯಾವುದಕ್ಕೂ ಆ ಶಕ್ತಿ ಇಲ್ಲ, ಗಾಯವನ್ನು ಕೆಣಕಿ ಕೆಡಿಸುತ್ತವೆ ಅಷ್ಟೇ. ಗಾಯವನ್ನು ಬಿಗಿಯಾಗಿ ಕಟ್ಟುವುದೂ ಬೇಡ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ರಕ್ತ ಬಂದಿತ್ತಾ?' ಆ ಒಂದು ಪ್ರಶ್ನೆಯ ಮೇಲೆ ಚಿಕಿತ್ಸೆ ನಿರ್ಧಾರವಾಗುತ್ತದೆ. ನಾಯಿ ಮುಟ್ಟಿದರೆ, ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಲಸಿಕೆ ಬೇಕಾಗಿಲ್ಲ. ರಕ್ತ ಬಾರದ ತರಚು ಗೀರಾದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ, ಅಥವಾ ತೆರೆದ ಗಾಯವನ್ನು ನೆಕ್ಕಿದ್ದರೆ, ಅದು ಮೂರನೇ ದರ್ಜೆ. ಆಗ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯನ್ನು ಗಾಯದ ಒಳಗೆ, ಸುತ್ತಲೂ ಚುಚ್ಚಬೇಕು. ಲಸಿಕೆಯಿಂದ ದೇಹ ತಾನೇ ಪ್ರತಿಕಾಯ ತಯಾರಿಸಿಕೊಳ್ಳಲು ವಾರದ ಮೇಲೆ ಹಿಡಿಯುತ್ತದೆ. ಅಲ್ಲಿಯವರೆಗೆ ರಕ್ಷಣೆಗೆಂದು ಸಿದ್ಧ ಪ್ರತಿಕಾಯವನ್ನೇ ಗಾಯಕ್ಕೆ ತುಂಬುವುದು ಈ ಔಷಧಿಯ ಕೆಲಸ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬರೀ ತೋಳಿಗೆ ಲಸಿಕೆ ಹಾಕಿಸಿಕೊಂಡು, ಇದನ್ನು ಬಿಟ್ಟು ಮನೆಗೆ ಬಂದವರು ಅರ್ಧ ರಕ್ಷಣೆಯಲ್ಲಿದ್ದಾರೆ. ರಕ್ತ ಬಂದಿದ್ದರೆ ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಮೊದಲ ದಿನ ಸಿಗದಿದ್ದರೂ ಲಸಿಕೆ ಶುರುವಾದ ಏಳು ದಿನದೊಳಗೆ ಹಾಕಿಸಬಹುದು.

ನಮ್ಮ ಹಿರಿಯರಲ್ಲಿ ಇನ್ನೂ ಒಂದು ಹೆದರಿಕೆ ಉಳಿದಿದೆ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ್ದು. ಭಾರತ 2004ರ ಡಿಸೆಂಬರ್‌ನಲ್ಲೇ ಅದರ ತಯಾರಿಕೆ ನಿಲ್ಲಿಸಿತು. ಈಗ ತೋಳಿನ ಚರ್ಮದ ಪದರದೊಳಗೆ ಸಣ್ಣ ಸೂಜಿಯಿಂದ ಹಾಕುತ್ತಾರೆ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಒಟ್ಟು ನಾಲ್ಕು ಸಲ. ಸ್ನಾಯುವಿಗೆ ಹಾಕುವ ಪದ್ಧತಿಯಾದರೆ 14ನೇ ದಿನದ್ದೂ ಸೇರಿ ಐದು ಸಲ. ಪೃಷ್ಠಕ್ಕೆ ಹಾಕುವ ಹಾಗಿಲ್ಲ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಉಚಿತ.

ಜನ ತಪ್ಪುವುದು ಕೊನೆಯ ಸೂಜಿಯಲ್ಲಿ. ಗಾಯ ಮಾಸಿರುತ್ತದೆ, ಕೆಲಸಕ್ಕೆ ರಜೆ ಸಿಗುವುದಿಲ್ಲ, 28ನೇ ದಿನ ಮರೆತೇ ಹೋಗುತ್ತದೆ. ಆದರೆ ಈ ವೈರಸ್ಸು ಅವಸರದ್ದಲ್ಲ. ನರದ ದಾರಿ ಹಿಡಿದು ಮೆಲ್ಲಗೆ ಮಿದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಒಮ್ಮೊಮ್ಮೆ ವರ್ಷದ ಮೇಲೂ ಹಿಡಿಯಬಹುದು. ನೀರು ಕಂಡರೆ ಗಂಟಲು ಬಿಗಿಯುವ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಯಾವ ಊರಿನ ಯಾವ ಆಸ್ಪತ್ರೆಯ ಕೈಯಲ್ಲೂ ಏನೂ ಇರುವುದಿಲ್ಲ. 2025ರ ಜೂನ್‌ನಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರದ 22 ವರ್ಷದ ರಾಜ್ಯಮಟ್ಟದ ಕಬಡ್ಡಿ ಆಟಗಾರನೊಬ್ಬ ಹೀಗೇ ಸತ್ತ. ಚರಂಡಿಗೆ ಬಿದ್ದಿದ್ದ ನಾಯಿಮರಿಯನ್ನು ಎತ್ತಿ ಕಾಪಾಡುವಾಗ ಅದು ಬೆರಳು ಕಚ್ಚಿತ್ತು. ಸಣ್ಣ ಗಾಯ, ಆಟಗಾರನ ಮೈಕಟ್ಟು. ಲಸಿಕೆ ಹಾಕಿಸಿಕೊಳ್ಳಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಮ್ಮ ಓಡುವ ಹುಡುಗರ ಮುಖಗಳೇ ಕಣ್ಣ ಮುಂದೆ ಬರುತ್ತಿದ್ದವು.

ಕಚ್ಚಿದ ನಾಯಿಯನ್ನು ಹತ್ತು ದಿನ ನೋಡೋಣ, ಸತ್ತರೆ ಇಂಜೆಕ್ಷನ್ ಎಂದು ಕೆಲವರು ಕಾಯುತ್ತಾರೆ. ಕಾಯುವುದು ಮೊದಲ ಸೂಜಿ ಹಾಕಿಸಿಕೊಂಡ ಮೇಲೆ. ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನದನ್ನು ಡಾಕ್ಟರು ತೀರ್ಮಾನಿಸುತ್ತಾರೆ. ದಿನವೂ ನಾಯಿಗಳ ನಡುವೆ ಓಡಬೇಕಾದ ಯುವಕರು ಕಚ್ಚುವ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಬಹುದು. ಹಾಗೆ ಹಾಕಿಸಿಕೊಂಡವರಿಗೆ ಮುಂದೆ ಕಚ್ಚಿದರೂ ಮೊದಲ ದಿನ ಮತ್ತು 3ನೇ ದಿನದ ಎರಡು ಲಸಿಕೆ ಸಾಕು, ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ತರಬೇತಿ ಕೇಂದ್ರ ನಡೆಸುವವರು ಇದನ್ನು ತಮ್ಮ ಹುಡುಗರಿಗೆ ಹೇಳಬೇಕು. ರಾಜ್ಯ ಸರ್ಕಾರ 2025ರಲ್ಲಿ ಬೀದಿ ನಾಯಿ ಕಡಿತಕ್ಕೆ 5,000 ರೂಪಾಯಿ, ಸಾವಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿದೆ. ಆಸ್ಪತ್ರೆಯ ಚೀಟಿ ಜೋಪಾನವಾಗಿಟ್ಟುಕೊಳ್ಳಿ.

ಓಡುವವರು ಇಷ್ಟೆಲ್ಲ ಎಚ್ಚರ ವಹಿಸಿದರೂ ಊರಿನ ಕೆಲಸ ಊರಿನವರೇ ಮಾಡಬೇಕು. ತುಮಕೂರಿನಲ್ಲಿ ಮಹಾನಗರ ಪಾಲಿಕೆ, ಕುಣಿಗಲ್‌ನಲ್ಲಿ ಪುರಸಭೆ, ಗುಬ್ಬಿಯಲ್ಲಿ ಪಟ್ಟಣ ಪಂಚಾಯಿತಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿ ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡುವುದು ಸ್ಥಳೀಯ ಸಂಸ್ಥೆಯ ಹೊಣೆ. ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಈ ಶಸ್ತ್ರಚಿಕಿತ್ಸೆ ಆಗಿದೆ ಎಂದು ತಿಳಿಯಿರಿ. ನಿಮ್ಮ ದಾರಿಯಲ್ಲಿ ಅಂಥ ಕಿವಿ ಎಷ್ಟಿವೆ ಎಂದು ಒಂದು ವಾರ ಎಣಿಸಿ ನೋಡಿ, ನಿಮ್ಮ ವಾರ್ಡಿನಲ್ಲಿ ಕೆಲಸ ಎಷ್ಟಾಗಿದೆ ಎಂಬುದು ತಾನೇ ಗೊತ್ತಾಗುತ್ತದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಇದೇ ಕ್ರಮವನ್ನು ಎತ್ತಿಹಿಡಿದು, ರೇಬಿಸ್ ಇರುವ, ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಮತ್ತೆ ಬೀದಿಗೆ ಬಿಡಬಾರದು, ಊಟ ಹಾಕಲು ಬೇರೆ ಜಾಗ ಗುರುತಿಸಬೇಕು ಎಂದಿತು. ನವೆಂಬರ್ 7ರಂದು ಇನ್ನೂ ಮುಂದೆ ಹೋಗಿ ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಜೊತೆಗೆ ಕ್ರೀಡಾಂಗಣಗಳಿಂದಲೂ ಬೀದಿ ನಾಯಿಗಳನ್ನು ತೆರವು ಮಾಡಬೇಕು, ಅಲ್ಲಿಗೇ ವಾಪಸ್ಸು ಬಿಡಬಾರದು ಎಂದು ಆದೇಶಿಸಿತು. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಿಂದ ಹಿಡಿದು ತಾಲ್ಲೂಕು ಕೇಂದ್ರದ ಕ್ರೀಡಾಂಗಣಗಳವರೆಗೆ ಈ ಆದೇಶ ಅನ್ವಯಿಸುತ್ತದೆ. ಕಾಂಪೌಂಡು, ಗೇಟು ಭದ್ರವಾದರೆ ಹಳ್ಳಿಯಿಂದ ಬರುವ ಹುಡುಗಿಯರಿಗೆ ಕತ್ತಲ ರಸ್ತೆಯ ಬದಲು ಒಂದು ಜಾಗವಾದರೂ ಸಿಗುತ್ತದೆ. ಬೆಳಗಿನ ಐದಕ್ಕೆ ಗೇಟು ತೆಗೆದು, ನಾಲ್ಕು ದೀಪ ಹಾಕಿದರೆ ಸಾಕು.

ನಾಯಿಗಳನ್ನೆಲ್ಲ ಕೊಂದುಬಿಡಿ ಎನ್ನುವವರ ಜೊತೆ ನಾನಿಲ್ಲ. ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ವರ್ಷ ವರ್ಷವೂ ತಪ್ಪದೆ ಲಸಿಕೆ ಹಾಕಿದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಪಕ್ಕದ ಗೋವಾ ಈ ದಾರಿ ಹಿಡಿದು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿಕೊಂಡಿತು. ಜೊತೆಗೆ ಕೋಳಿ, ಮಾಂಸದ ಅಂಗಡಿಯ ತ್ಯಾಜ್ಯವನ್ನು ರಾತ್ರೋರಾತ್ರಿ ಊರ ಹೊರಗಿನ ರಸ್ತೆ ಪಕ್ಕ ಸುರಿಯುವುದು ನಿಲ್ಲಬೇಕು. ಬೀದಿ ನಾಯಿಗೆ ಪ್ರೀತಿಯಿಂದ ಅನ್ನ ಹಾಕುವ ತಾಯಂದಿರಲ್ಲೂ ಒಂದು ಕೋರಿಕೆ. ಹಾಕಿ, ಆದರೆ ಜನ ನಡೆಯುವ, ಓಡುವ ದಾರಿಯಲ್ಲಿ ಬೇಡ, ಬೆಳಗಿನ ಓಟದ ಹೊತ್ತಿನಲ್ಲಿ ಬೇಡ.

ಕಳೆದ ತಿಂಗಳು ಗುಬ್ಬಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುತ್ತಿರುವವನು, ನಾಲೆ ಏರಿಯಲ್ಲಿ ಒಂದೆರಡು ಸಲ ಜೊತೆಗೆ ಓಡಿದ ಪರಿಚಯ. ತೋಟದ ನಾಯಿ ಹಿಮ್ಮಡಿಯ ಮೇಲೆ ಕಚ್ಚಿತ್ತು. ಫೋನಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. 'ಪಂಪ್‌ಸೆಟ್ ನೀರಲ್ಲಿ ತೊಳೀತಾ ಇದೀನಿ ಸಾರ್, ಸೋಪ್ ಹಾಕಿ. ಒಂಬತ್ತು ನಿಮಿಷ ಆಯ್ತು' ಎಂದ. ಇನ್ನೂ ಆರು ನಿಮಿಷ ತೊಳಿ ಎಂದೆ. ನಿನ್ನೆ ಮತ್ತೆ ಫೋನ್ ಬಂತು. ನಾಳೆ 28ನೇ ದಿನವಂತೆ, ಬೆಳಿಗ್ಗೆ ಓಟಕ್ಕೆ ಹೋಗುವುದಿಲ್ಲವಂತೆ. ಮೊದಲ ಬಸ್ಸಿಗೆ ಹೋಗಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕು ಎಂದ.